ಒಂದೇ ಸಲ ಗಂಟುಮೂಟೆ

ನಾನು ದರ್ಜಿ. ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸುವ ಕೆಲಸ ಮೊಮ್ಮಗಳ ಪಾಲಿಗೆ ಹೋಯಿತು, ನನ್ನ ಪಾಲಿಗೆ ಮಾತು ಉಳಿಯಿತು. ನಮ್ಮ ಕಸುಬಿನಲ್ಲಿ ಹೊಲಿಗೆಗಿಂತ ಮಾತೇ ಹೆಚ್ಚು ಬೇಕು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಬಟ್ಟೆ ಕತ್ತರಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಹೇಳಿದ ದಿನಕ್ಕೆ ಬಟ್ಟೆ ಕೊಡದೆ, ಗಿರಾಕಿಯನ್ನು ನಗುನಗುತ್ತಾ ವಾಪಸು ಕಳಿಸುವುದು ಇದೆಯಲ್ಲ, ಅದು ವಿದ್ಯೆ. ಗುಂಡಿ ಬಂದಿಲ್ಲ, ಕರೆಂಟು ಹೋಗಿತ್ತು, ಕಾಜಾ ಹಾಕುವವನಿಗೆ ಜ್ವರ, ಇಲಿ ಬಂದು ಒಂದು ತೋಳು ತಿಂದು ಇನ್ನೊಂದು ತೋಳಿನ ಅಳತೆ ತೆಗೆದುಕೊಂಡು ಹೋಯಿತು, ಹೀಗೆ. ಒಬ್ಬ ಮದುಮಗನ ಕೋಟನ್ನು ನಾನು ಎಷ್ಟು 'ನಾಳೆ'ಗಳಿಗೆ ಎಳೆದೆನೆಂದರೆ, ಕೊನೆಗೆ ಅವನ ಮಗ ಬಂದು ಅದನ್ನು ತೆಗೆದುಕೊಂಡು ಹೋದ. ಅವನ ಮೈಗೆ ಸರಿಯಾಗಿಯೇ ಕೂತಿತು.

ಈಗ ಹೇಳಹೊರಟಿರುವುದು ನನ್ನ ಕತೆಯಲ್ಲ, ನಮ್ಮಾಕೆಯದು. ಆದರೆ ದರ್ಜಿಯನ್ನು ಬಿಟ್ಟು ಆ ಕತೆ ಮುಂದೆ ಹೋಗುವುದಿಲ್ಲ, ಅದಕ್ಕೇ ಮೊದಲು ಬಾಗಿಲಲ್ಲಿ ನಾನು ನಿಂತುಕೊಂಡೆ.

ಅವಳು ಮೊದಲು ನನ್ನ ಅಂಗಡಿಗೆ ಬಂದದ್ದು ಗಿರಾಕಿಯಾಗಿ. ಹೊಸ ಕೆಲಸಕ್ಕೆ ಸೇರುವವಳು, ಒಂದು ಕೋಟು ಹೊಲಿಯಲು ಕೊಟ್ಟಿದ್ದಳು. ಹೇಳಿದ ದಿನವೇ ಬಂದಳು. ನಾನು ವಾಡಿಕೆಯಂತೆ, "ನಾಳೆ ಬಂದ್ಬಿಡಿ ಮೇಡಂ, ಒಂದು ಕಾಲರ್ ಮಾತ್ರ ಬಾಕಿ," ಎಂದೆ.

"ಆಗ್ಲಿ. ಇಲ್ಲೇ ಕೂತಿರ್ತೀನಿ."

"ನಾಳೆವರೆಗಾ?"

"ನಾಳೆ ಅಷ್ಟೊಂದು ದೂರ ಇದೆಯಾ?"

ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು. ಜಗಳವಿಲ್ಲ, ಗೊಣಗಾಟವಿಲ್ಲ, ನನ್ನ ಕೈಯನ್ನೇ ನೋಡುತ್ತಾ ಕೂತಳು. ಆ ನೋಟಕ್ಕೆ ಹೆದರಿ ಹೊಲಿಗೆಯಂತ್ರ ತಾನಾಗಿಯೇ ಓಡತೊಡಗಿತು, ನಾನಿನ್ನೂ ಕಾಲು ಇಟ್ಟಿರಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಕೋಟು ಮುಗಿದಿತ್ತು. ಬಾಕಿ ಇದ್ದದ್ದು ಕಾಲರ್ ಅಲ್ಲ, ಇಡೀ ಕೋಟೇ ಎಂಬುದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

"ಇಷ್ಟು ಚೆನ್ನಾಗಿ ಹೊಲೀತೀರಿ, ಮತ್ಯಾಕ್ರೀ ಇಷ್ಟು ಸುಳ್ಳು ಹೇಳ್ತೀರಿ?" ಎಂದಳು.

"ಹೊಲಿಗೆಗೆ ಮಾತ್ರ ಕೂಲಿ ಮೇಡಂ, ಸುಳ್ಳು ಬಿಟ್ಟಿ," ಎಂದೆ.

ಅದಕ್ಕವಳು ನಕ್ಕಳು. ಆ ನಗು ಬಂದು ಮದುವೆಯಲ್ಲಿ ನಿಂತಿತು ಅನ್ನಿ.

ಅವಳು ಸೇರಿದ್ದು ನಗರಸಭೆಯ ವಸತಿ ವಿಭಾಗಕ್ಕೆ. ಬಿಲ್ಡರುಗಳ ಜೊತೆ ಮಾತಿಗೆ ಕೂರುವುದೇ ಅವಳ ಕೆಲಸ. ಊರಿನದೊಂದು ಜಾಗ ಇರುತ್ತದೆ. ಬಿಲ್ಡರ್ ಬಂದು, ಇಲ್ಲಿ ಮನೆ ಕಟ್ಟಿ ಮಾರುತ್ತೇನೆ, ಅನುಮತಿ ಕೊಡಿ ಎನ್ನುತ್ತಾನೆ. ಕೊಡೋಣ, ಬದಲಿಗೆ ನೀನು ಊರಿಗೇನು ಕೊಡುತ್ತೀಯ ಎಂದು ನಗರಸಭೆ ಕೇಳುತ್ತದೆ. ಮಕ್ಕಳಿಗೆ ಆಟದ ಬಯಲು, ಚರಂಡಿ, ಬಡವರಿಗೆ ಒಂದಿಷ್ಟು ಮನೆ. ಯಾರು ಏನು ಕೊಡಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದೆಲ್ಲ ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಅದು ಅಭಿವೃದ್ಧಿ ಒಪ್ಪಂದ. ಹೇಳಲು ಎರಡು ಮಾತು, ಮುಗಿಸಲು ಅರ್ಧ ಆಯಸ್ಸು. ಹೀಗೆ ಮಾತಿಗೆ ಕೂತ ಒಬ್ಬ ವಕೀಲರು ಸಹಿಯ ಹೊತ್ತಿಗೆ ಎಷ್ಟು ಸೊರಗಿದ್ದರೆಂದರೆ, ಬಾಗಿಲ ಕಾವಲುಗಾರ ಅವರನ್ನು ತಡೆದು, "ನಿಮ್ಮ ಮಗ ಒಳಗೆ ಮೀಟಿಂಗ್‌ನಲ್ಲಿದಾರೆ ಅಜ್ಜ, ಇಲ್ಲೇ ಕೂತಿರಿ," ಎಂದನಂತೆ. ನಾನು ನೋಡಿಲ್ಲ. ಆದರೆ ಕಾವಲುಗಾರನ ಪ್ಯಾಂಟು ಹೊಲಿಯುವವನು ನಾನು, ನನ್ನ ಬಳಿ ಅವನು ಯಾಕೆ ಸುಳ್ಳು ಹೇಳುತ್ತಾನೆ?

ಮಾತಿಗೆ ಹೋಗುವ ಮುನ್ನ ನಮ್ಮಾಕೆಯದೊಂದು ಪದ್ಧತಿ ಇತ್ತು. ಸಂಜೆ ಊಟದ ಮೇಜಿನಲ್ಲಿ ನಾನು ಬಿಲ್ಡರ್ ಆಗಬೇಕು. ಅವಳು ಕೇಳಿದ್ದಕ್ಕೆಲ್ಲ ಆಗುವುದಿಲ್ಲ ಎನ್ನಬೇಕು, ಮತ್ತು ಯಾಕೆ ಆಗುವುದಿಲ್ಲ ಎನ್ನುವುದಕ್ಕೆ ದಿನಕ್ಕೊಂದು ಹೊಸ ಕಾರಣ ಕೊಡಬೇಕು. ನಾನು ಕಾರಣ ಕೊಡುವುದು, ಅವಳು ಅದಕ್ಕೆ ಉತ್ತರ ಹುಡುಕುವುದು. "ನಿಮ್ಮಷ್ಟು ನೆಪ ಆ ಬಿಲ್ಡರುಗಳಿಗೆ ಹೊಳೆಯೋದೇ ಇಲ್ಲ ರೀ," ಎಂದು ಹೊಗಳುತ್ತಿದ್ದಳು. ನಾನು ಉಬ್ಬಿ ಹೋಗಿ ಇನ್ನೊಂದು ನೆಪ ಹೊಸೆಯುತ್ತಿದ್ದೆ. ನಮ್ಮ ಮಗಳು ತಟ್ಟೆ ಇಡುವ ಮುಂಚೆ, "ಇವತ್ತು ಊಟಕ್ಕೆ ಬರೋದು ಅಪ್ಪನಾ, ಬಿಲ್ಡರಾ?" ಎಂದು ಕೇಳುವಳು. ಬಿಲ್ಡರ್ ಎಂದರೆ ನನ್ನ ಕುರ್ಚಿಗೆ ಒಂದು ದಿಂಬು ಹೆಚ್ಚು.

ಅಂಥ ದಿನಗಳಲ್ಲೇ ಹಳೇ ಬಸ್ ಡಿಪೋ ಬಂತು. ಬಸ್ಸುಗಳು ಊರಾಚೆಗೆ ಹೋಗಿ ಡಿಪೋ ಖಾಲಿ ಬಿದ್ದಿತ್ತು. ಮುಂದೆ ರಸ್ತೆಗೆ ತಾಗಿದ ದೊಡ್ಡ ಬಯಲು, ಎಣ್ಣೆ ಕುಡಿದು ಕಪ್ಪಾದ ನೆಲ. ಹಿಂದೆ ಗೋಡೆಗೆ ಒರಗಿದಂತೆ ಒಂದು ಸಾಲು ಮನೆ, ಅದರ ಪಕ್ಕ ಒಂದು ಖಾಲಿ ಮೂಲೆ. ಆ ಸಾಲಿನಲ್ಲಿ ಬಸ್ಸು ತೊಳೆಯುತ್ತಿದ್ದವರು, ಮೆಕ್ಯಾನಿಕ್ಕುಗಳು, ಟೈರಿಗೆ ತೇಪೆ ಹಾಕುತ್ತಿದ್ದವರು ಸಂಸಾರ ಕಟ್ಟಿಕೊಂಡು ಇದ್ದರು. ಬಿಲ್ಡರ್ ಅಲ್ಲಿ ಎತ್ತರದ ಕಟ್ಟಡಗಳನ್ನು ಕಟ್ಟಿ ಮಾರಬಹುದು, ಬದಲಿಗೆ ಈ ಸಂಸಾರಗಳಿಗೆ ಆ ಖಾಲಿ ಮೂಲೆಯಲ್ಲಿ ಹೊಸ ಮನೆ ಕಟ್ಟಿಕೊಡಬೇಕು. ಇಷ್ಟಕ್ಕೆ ಎಲ್ಲರೂ ಒಪ್ಪಿದ್ದರು. ಜಗಳವೆಲ್ಲ ಇದ್ದದ್ದು ಮೊದಲು ಯಾವುದು ಎಂಬಲ್ಲಿ.

ಬಿಲ್ಡರ್ ಹೇಳಿದ್ದು, ನಮಗೆ ಇಡೀ ಜಾಗ ಖಾಲಿ ಬೇಕು, ಆ ಸಂಸಾರಗಳು ಸದ್ಯಕ್ಕೆ ತಗಡಿನ ಶೆಡ್ಡುಗಳಿಗೆ ಹೋಗಲಿ, ನಮ್ಮ ಕಟ್ಟಡ ಎದ್ದ ಮೇಲೆ ಅವರದ್ದನ್ನು ಕಟ್ಟೋಣ ಎಂದು.

ಸಾಲುಮನೆಗಳಿಗೆಲ್ಲ ಹಿರಿಯಳು ಒಬ್ಬ ಹೆಂಗಸು, ಬಸ್ಸು ತೊಳೆದು ತೊಳೆದು ಕೈ ಗಟ್ಟಿಯಾದವಳು. ಎಲ್ಲರೂ ದೊಡ್ಡಕ್ಕ ಎನ್ನುವರು. ನಮ್ಮಾಕೆ ಮೊದಲ ಸಲ ಅಲ್ಲಿಗೆ ಹೋದಾಗ ಅವಳು ಕೂರಲೂ ಹೇಳಲಿಲ್ಲ.

"ನದಿ ಕಡೆಯವರನ್ನೂ ಹಿಂಗೇ ಶೆಡ್ಡಿಗೆ ಕಳಿಸಿದ್ರಲ್ಲಮ್ಮ. ಇನ್ನೂ ಅಲ್ಲೇ ಇದಾರೆ. ಶೆಡ್ಡಲ್ಲಿ ಹುಟ್ಟಿದ ಹುಡುಗಿ ಶೆಡ್ಡಿಂದಾನೇ ಗಂಡನ ಮನೆಗೆ ಹೋದ್ಲು. ನಿಮ್ಮ 'ಸದ್ಯಕ್ಕೆ' ನಮಗೆ ಬೇಡ."

"ನಿಮಗೇನು ಬೇಕು, ಅದನ್ನ ಹೇಳಿ."

"ಒಂದೇ ಸಲ ಗಂಟುಮೂಟೆ ಕಟ್ತೀವಿ. ಈ ಬಾಗಿಲಿಂದ ಹೊರಟು ಹೊಸ ಮನೆ ಬಾಗಿಲಿಗೆ. ಮಧ್ಯ ಎಲ್ಲೂ ಇಳಿಸಲ್ಲ."

"ಆಗ್ಲಿ ದೊಡ್ಡಕ್ಕ. ಒಂದೇ ಸಲ."

ಮನೆಗೆ ಬಂದು ನನಗದನ್ನು ಹೇಳಿದಾಗ, "ಮೀಟಿಂಗಿಗೆ ಮುಂಚೆ ಮಾತು ಕೊಟ್ಟು ಬಂದಿಯಲ್ಲೇ," ಎಂದೆ. "ಕೊಟ್ಟಾಯ್ತು. ಇನ್ನು ನೀವು ಬಿಲ್ಡರ್ ಆಗಿ," ಎಂದಳು.

ಆದೆ. ಅವಳು, ಹಿಂದಿನ ಮೂಲೆಯಲ್ಲಿ ಸಂಸಾರಗಳ ಕಟ್ಟಡ ಮೊದಲು ಏಳಬೇಕು ಎಂದಳು. ನಾನು ದಿಂಬಿನ ಮೇಲಿಂದ, "ನೋಡೀಮ್ಮ, ನೆಲದೊಳಗೆ ಏನಿದೆ ಅಂತ ನೆಲಕ್ಕೇ ಗೊತ್ತು," ಎಂದೆ. "ಆ ಮೂಲೆ ಕೆಳಗೆ ಹಳೇ ನೀರಿನ ತೊಟ್ಟಿ ಇದೆ. ಬಸ್ಸು ತೊಳೆದ ನೀರೆಲ್ಲ ಅಲ್ಲಿ ನಿಂತು ನೆಲ ಮೆತ್ತಗಾಗಿದೆ. ಒಂದು ಸಲ ಒಂದು ಬಸ್ಸೇ ಮುಳುಗಿಹೋಯ್ತು, ಕಂಡಕ್ಟರ್ ಸಮೇತ. ಈಗಲೂ ಕಿವಿಯಿಟ್ಟು ಕೇಳಿ, ಕೆಳಗಿಂದ 'ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ' ಅಂತಾನೆ."

ಮಗಳು ನೀರು ಕುಡಿಯುತ್ತಿದ್ದವಳು ಮೂಗಿನಿಂದ ಬಿಟ್ಟಳು. ನಮ್ಮಾಕೆ ಕಂಡಕ್ಟರನನ್ನು ಪಕ್ಕಕ್ಕಿಟ್ಟಳು, ತೊಟ್ಟಿಯನ್ನು ಮಾತ್ರ ಬಿಡಲಿಲ್ಲ. ಬಸ್ಸು ತೊಳೆಯುತ್ತಿದ್ದ ಜಾಗ ತಾನೆ, ಇದ್ದರೂ ಇರಬಹುದು ಎಂದು ಅದಕ್ಕೊಂದು ಉತ್ತರ ಕಟ್ಟಿಟ್ಟುಕೊಂಡಳು: ತೊಟ್ಟಿ ಇದ್ದರೆ ಕಲ್ಲು ತುಂಬಿ ಗಟ್ಟಿ ಮಾಡಿ ಅದರ ಮೇಲೆ ಕಟ್ಟಬಹುದು. ನನ್ನಿಂದ ಆ ಮಾತಿಗೆ ಮೂರ್ನಾಲ್ಕು ಅಡ್ಡಮಾತು ಕೇಳಿಸಿಕೊಂಡು, ಉತ್ತರವನ್ನು ಇನ್ನೂ ಚೂಪು ಮಾಡಿಕೊಂಡಳು. ನಾವಿಬ್ಬರೂ ಆ ಇಲ್ಲದ ತೊಟ್ಟಿಗೆ ಅಷ್ಟು ನೀರು ತುಂಬಿದೆವು.

ಮಾತುಕತೆ ನಡೆದದ್ದು ನಗರಸಭೆಯ ಮೇಲಂತಸ್ತಿನ ಉದ್ದ ಕೋಣೆಯಲ್ಲಿ. ಒಂದು ಕಾಲು ಕುಂಟುವ ಮೇಜು, ತಿರುಗುವಾಗ ಟಿಕ್ ಟಿಕ್ ಎನ್ನುವ ಫ್ಯಾನು, ಕಿಟಕಿಯಾಚೆ ಸ್ಕೂಟರುಗಳ ಸಾಲು. ಬಿಲ್ಡರ್ ದೊಡ್ಡ ಆಳು, ದನಿ ಮಾತ್ರ ಮೂಲೆಯಲ್ಲಿ ಕೂತ ಹೊಸ ಸೊಸೆಯದಂತೆ. ಮಾತೆಲ್ಲ ಅವರ ವಕೀಲರದು. ನಮ್ಮಾಕೆ ನನ್ನ ನೆಪಗಳಿಗೆಲ್ಲ ಸಜ್ಜಾಗಿ ಹೋಗಿದ್ದಳು, ಚೆನ್ನಾಗಿಯೇ ಎಳೆದಾಡುತ್ತಿದ್ದಳು. ಸಂಸಾರಗಳ ಕಟ್ಟಡ ಮೊದಲು ಎನ್ನುವುದಕ್ಕೆ ಬಿಲ್ಡರ್ ಇನ್ನೇನು ತಲೆಯಾಡಿಸಬೇಕು, ಅಷ್ಟರಲ್ಲಿ ವಕೀಲರು ಎಲ್ಲೋ ನಲ್ಲಿಯ ಪೈಪಿನ ವಿಷಯಕ್ಕೆ, "ಅಗೆಯೋವರೆಗೂ ಏನೂ ಹೇಳಕ್ಕಾಗಲ್ಲ ಮೇಡಂ, ನೆಲದೊಳಗೆ ಏನಿದೆ ಅಂತ ನೆಲಕ್ಕೇ ಗೊತ್ತು," ಎಂದರು.

ನನ್ನದೇ ಮಾತು. ಅವಳ ನಾಲಗೆ ಅಭ್ಯಾಸದಂತೆ ಊಟದ ಮೇಜಿಗೆ ಹೋಯಿತು.

"ಹಿಂದಿನ ತೊಟ್ಟಿ ವಿಷಯ ನಾವಾಗ್ಲೇ ಯೋಚಿಸಿದೀವಿ," ಎಂದಳು. "ಕಲ್ಲು ತುಂಬಿ ಮೇಲೆ ಕಟ್ಟಬಹುದು."

ಬಿಲ್ಡರ್ ವಕೀಲರ ಮುಖ ನೋಡಿದರು.

"ಯಾವ ತೊಟ್ಟಿ?" ವಕೀಲರು ಕೇಳಿದರು.

ತಾನೇನು ಆಡಿದೆ ಎಂದು ಅವಳಿಗೆ ಆಗ ಗೊತ್ತಾಯಿತಂತೆ. "ಯಾವುದೂ ಇಲ್ಲ. ಅದು ನಮ್ಮನೆಯವರು ಹೇಳಿದ್ದು."

"ನಿಮ್ಮನೆಯವರು ಎಂಜಿನಿಯರಾ?"

"ದರ್ಜಿ."

"ದರ್ಜಿಗೆ ತೊಟ್ಟಿ ಹೇಗೆ ಗೊತ್ತು?"

ಇದಕ್ಕೆ ಉತ್ತರ ಹೇಳುವುದೆಂದರೆ ಕಂಡಕ್ಟರನನ್ನೂ ಕೋಣೆಗೆ ಕರೆತರಬೇಕಾಗಿತ್ತು. ಅವಳು ಕಡತ ಮುಚ್ಚಿದಳು. ವಕೀಲರು ಬಾಯಿ ಮುಚ್ಚಲಿಲ್ಲ. ನಗರಸಭೆಯವರೇ ತೊಟ್ಟಿ ಇದೆ ಎಂದ ಮೇಲೆ ಮಣ್ಣು ಪರೀಕ್ಷೆ ಆಗದೆ ಆ ಮೂಲೆಗೆ ಗುದ್ದಲಿ ಹಾಕುವಂತಿಲ್ಲ, ಪರೀಕ್ಷೆ ಯಾವಾಗ ಮುಗಿಯುತ್ತದೋ ಯಾರಿಗೆ ಗೊತ್ತು, ಅಲ್ಲಿಯವರೆಗೆ ಸಂಸಾರಗಳು ಶೆಡ್ಡಿಗೆ ಹೋಗಲಿ, ನಾವು ಮುಂದಿನ ಬಯಲಲ್ಲಿ ಕೆಲಸ ಶುರು ಮಾಡುತ್ತೇವೆ ಎಂದು ಮೇಜು ತಟ್ಟಿದರು. ಮೇಲಧಿಕಾರಿಗಳೂ ಅದು ಸರಿ ಎಂದರು. ಕಟ್ಟಡ ನಾಳೆ ಕುಸಿದರೆ ಯಾರು ಹೊಣೆ? ಮುಂದಿನ ಭೇಟಿಯಲ್ಲಿ ಸಹಿ ಎಂದು ಎದ್ದರು.

ಅವಳು ಮನೆಗೆ ಬರಲಿಲ್ಲ, ನೇರವಾಗಿ ಡಿಪೋಗೆ ಹೋದಳು. ನಡೆದದ್ದನ್ನು ದೊಡ್ಡಕ್ಕನಿಗೆ ಒಂದೂ ಮುಚ್ಚಿಡದೆ ಹೇಳಿದಳು. ದೊಡ್ಡಕ್ಕ ಕೇಳಿ ಮುಗಿಸಿ, "ನಾವೆಲ್ಲ ಬೇರೆಯವರು ತೋಡಿದ ಗುಂಡಿಗೆ ಬೀಳ್ತೀವಿ. ನೀವು ಗಂಡ ಹೆಂಡತಿ ಕೂತು, ಊಟ ಮಾಡ್ತಾ ತೋಡಿದ್ರಲ್ಲಮ್ಮ," ಎಂದಳು.

"ಇನ್ನೂ ಸಹಿ ಆಗಿಲ್ಲ ದೊಡ್ಡಕ್ಕ."

"ಮಾತು ಕೊಟ್ಟಿದೀರಿ."

"ನೆನಪಿದೆ."

ಮನೆಗೆ ಬಂದವಳು ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು. ಅವಳು ನನ್ನ ಕುರ್ಚಿಯಿಂದ ಆ ದಿಂಬನ್ನು ತೆಗೆದು ತನ್ನ ಕುರ್ಚಿಗೆ ಹಾಕಿಕೊಂಡಳು.

"ಇವತ್ತು ನಾನು ಬಿಲ್ಡರ್. ನೀವು ನಾನಾಗಿ."

"ನಾನು ನೀನಾ? ನನಗೆ ಅಷ್ಟು ಹೊತ್ತು ಸುಮ್ನೆ ಕೂರೋದು ಬರಲ್ಲ."

"ಪ್ರಯತ್ನ ಮಾಡಿ."

ಮಾಡಿದೆ. ಸಂಸಾರಗಳ ಮನೆ ಮೊದಲು ಕಟ್ಟಿ ಎಂದೆ. ಆಗುವುದಿಲ್ಲ ಎಂದಳು, ಬಿಲ್ಡರನದೇ ಸಣ್ಣ ದನಿಯಲ್ಲಿ. ಯಾಕೆ ಎಂದೆ. ಮಣ್ಣು ಎಂದಳು. ಮಣ್ಣು ಸರಿಯಾದರೆ ಎಂದೆ. ಸಿಮೆಂಟು ಎಂದಳು. ಸಿಮೆಂಟೂ ಬಂದರೆ ಎಂದೆ. ಅವಳ ನೆಪಗಳು ನನ್ನವಕ್ಕಿಂತ ಬಡಕಲು, ಬೇಗ ಮುಗಿದುಹೋದವು. ನಾನು ಅವಳಂತೆ ಅವಳ ಕೈಯನ್ನೇ ನೋಡುತ್ತಾ ಕೂತೆ. ಅವಳು ಮೇಜಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಬಿಲ್ಡರಾಗಿಯೇ ಇದ್ದಳು. ಕೊನೆಗೆ, "ನಿಮಗೇನ್ರೀ ಗೊತ್ತು," ಎಂದಳು. "ಬಯಲಲ್ಲಿ ಒಂದು ಬೋರ್ಡು ನೆಟ್ಟು ಕೂತ್ರೆ ಯಾರೂ ದುಡ್ಡು ಕಟ್ಟಲ್ಲ. ಬರ್ತಾರೆ, ಗುಂಡಿ ನೋಡ್ತಾರೆ, ಹೋಗ್ತಾರೆ. ಹೋದ ಸಲ ಕಟ್ಟಿದ ಮನೆ ಅರ್ಧ ಖಾಲಿ ಬಿತ್ತು. ನನ್ನ ಮಾತು ಯಾರೂ ನಂಬಲ್ಲ. ರಸ್ತೆಗೆ ಕಾಣೋ ಹಾಗೆ ಒಂದು ಕಟ್ಟಡ ಎದ್ದು ನಿಂತು, ಒಳಗೆ ದೀಪ ಉರೀಬೇಕು ನನಗೆ. ಅದಕ್ಕೇ ಮುಂದಿನ ಬಯಲು ಬಿಟ್ಟುಕೊಡಲ್ಲ."

ಹೇಳಿ, ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ನಿಂತುಬಿಟ್ಟಳು. ತುತ್ತು ಹಿಡಿದ ಕೈ ಹಾಗೇ ಇತ್ತು.

"ಒಳಗೆ ದೀಪ ಉರಿಯಕ್ಕೆ ಒಳಗೆ ಜನ ಬೇಕಲ್ವಾ?" ಎಂದಳು, ಈಗ ಅವಳದೇ ದನಿಯಲ್ಲಿ.

ನಾನು ಏನೋ ಹೇಳಹೋದೆ. "ನೀವು ಊಟ ಮಾಡಿ," ಎಂದಳು.

ಮಾರನೆಯ ಸಂಜೆ ಡಿಪೋಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದಳು. ದೊಡ್ಡಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತೊಟ್ಟಿ ಇವರದ್ದೇನಾ?" ಎಂದಳು. ನಮ್ಮಾಕೆ ವಿಷಯ ಹೇಳಿದಳು. ಹಿಂದಿನ ಮೂಲೆ ಬೇಡ, ಮುಂದಿನ ಬಯಲಲ್ಲಿ ರಸ್ತೆಗೆ ಮುಖ ಮಾಡಿ ನಿಮ್ಮ ಕಟ್ಟಡ ಕೇಳುತ್ತೇನೆ. ಅದು ಏಳುವವರೆಗೆ ನೀವು ಈ ಮನೆಗಳಲ್ಲೇ ಇರಿ.

"ಮುಂದೆ?" ದೊಡ್ಡಕ್ಕ ನಕ್ಕಳು. "ನಮ್ಮನ್ನ ಯಾರಮ್ಮ ಮುಂದೆ ಕೂರಿಸ್ತಾರೆ. ಬಸ್ಸಲ್ಲೂ ಹಿಂದಿನ ಸೀಟೇ ನಮಗೆ."

"ಕೇಳೋದಕ್ಕೇನು. ಆದ್ರೆ ಮನೆ ನೋಡೋಕೆ ದಿನಾ ಜನ ಬರಬಹುದು. ಬಾಗಿಲು ತೆಗೀತೀರಾ?"

"ಬರ್ಲಿ. ನಲ್ಲಿ ಸೋರ್ತಿದ್ರೆ ಸೋರ್ತಿದೆ ಅಂತ್ಲೇ ಹೇಳ್ತೀನಿ, ಆಮೇಲೆ ನಿಮ್ಮ ಬಿಲ್ಡರ್ ಅಳಬಾರದು."

ಮುಂದಿನ ಭೇಟಿಗೆ ಅವಳು ಸಜ್ಜಾಗಿ ಹೋಗಲಿಲ್ಲ. ನನ್ನ ಕೈಲಿ ಬಿಲ್ಡರ್ ಆಡಿಸಲಿಲ್ಲ, ದಿಂಬು ಮಂಚಕ್ಕೆ ವಾಪಸು ಹೋಯಿತು. ವಕೀಲರು ತೊಟ್ಟಿಯ ವಿಷಯ ಎತ್ತುವ ಮೊದಲೇ, "ಹಿಂದಿನ ಮೂಲೆ ನಮಗೂ ಬೇಡ," ಎಂದಳು. ವಕೀಲರು ಮೇಜು ತಟ್ಟಲು ಎತ್ತಿದ್ದ ಕೈ ಎಲ್ಲಿಡಬೇಕೋ ತಿಳಿಯದೆ ತಲೆ ಕೆರೆದುಕೊಂಡರು. ಅವಳು ಬಿಲ್ಡರನ ಕಡೆಗೇ ತಿರುಗಿದಳು.

"ನೀವು ಮಾದರಿ ಮನೆ ಕಟ್ಟಿ ತೋರಿಸ್ತೀರಿ. ಪರದೆ ಇರುತ್ತೆ, ಹೂಕುಂಡ ಇರುತ್ತೆ, ಮನುಷ್ಯರಿರಲ್ಲ. ನೋಡಿದವರು ಯಾರಾದ್ರೂ ನಂಬಿದಾರಾ?"

ಬಿಲ್ಡರ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಮುಂದೆ, ರಸ್ತೆಗೆ ಕಾಣೋ ಹಾಗೆ ಈ ಸಂಸಾರಗಳ ಕಟ್ಟಡ ಮೊದಲು ಕಟ್ಟಿ. ಅದನ್ನೇ ನಿಮ್ಮ ಮಾದರಿ ಮಾಡ್ಕೊಳ್ಳಿ. ಮಿಕ್ಕ ಕಟ್ಟಡಕ್ಕೆ ಹಾಕೋ ಇಟ್ಟಿಗೆ, ಕಿಟಕಿ, ನಲ್ಲಿ ಇದಕ್ಕೂ ಹಾಕಿ. ನೋಡೋಕೆ ಬಂದವರು ಒಳಗೆ ಹೋಗಿ, ಇರೋವ್ರನ್ನೇ ಕೇಳ್ಲಿ."

ವಕೀಲರು ನಡುವೆ ಬಾಯಿ ಹಾಕಿದರು. "ಮೇಡಂ, ಬಾಲ್ಕನೀಲಿ ಬಟ್ಟೆ ಒಣಗ್ಹಾಕ್ತಾರೆ. ಕೊಳ್ಳೋಕೆ ಬಂದವರು ಮೊದಲು ಅದನ್ನ ನೋಡ್ತಾರೆ."

"ಕೊಳ್ಳೋರು ಬಟ್ಟೆ ಎಲ್ಲಿ ಒಣಗಿಸ್ತಾರೆ? ಬ್ಯಾಂಕಿನಲ್ಲಾ?"

ಬಿಲ್ಡರನ ಹೊಟ್ಟೆ ಮೊದಲು ಕುಲುಕಿತಂತೆ, ಆಮೇಲೆ ನಗು ಹೊರಗೆ ಬಂತಂತೆ. ಕೈಯೆತ್ತಿ ವಕೀಲರನ್ನು ಸುಮ್ಮನಾಗಿಸಿ, ಅವರು ಆ ಸಣ್ಣ ದನಿಯಲ್ಲಿ ಮೊದಲ ಬಾರಿಗೆ ತಮ್ಮ ಮಾತು ತಾವೇ ಆಡಿದರು.

"ಅಮ್ಮ, ನಾನು ಕಟ್ಟಿಬಿಡ್ತೀನಿ ಅನ್ನಿ. ಮುಂದಿನ ರಸ್ತೆಗೆ ಟಾರು ಹಾಕ್ಬೇಕಾದವರು ನೀವು, ನೀರಿನ ಪೈಪ್ ತರ್ಬೇಕಾದವರು ನೀವು. ಹೋದ ಸಲ ನನ್ನ ಮನೆಗಳು ಯಾಕೆ ಖಾಲಿ ಬಿದ್ವು ಗೊತ್ತಾ? ನಿಮ್ಮ ಆಫೀಸಿನವರು ರಸ್ತೆ ನಾಳೆ, ನೀರು ನಾಳೆ ಅಂದ್ರು. ಜನ ಕೆಸರಲ್ಲಿ ಚಪ್ಪಲಿ ಕೈಲಿ ಹಿಡ್ಕೊಂಡು ಬಂದು ನೋಡಿ ಹೋದ್ರು."

ಅವಳಿಗೆ ಇದು ಗೊತ್ತಿರಲಿಲ್ಲ. ಎಷ್ಟೋ ವರ್ಷ ಊಟದ ಮೇಜಿನಲ್ಲಿ ನಾನು ಕೊಟ್ಟ ನೆಪಗಳಲ್ಲಿ ಇದೊಂದು ಇರಲಿಲ್ಲ, ಯಾಕೆಂದರೆ ಇದು ನೆಪವಾಗಿರಲಿಲ್ಲ. ಅವಳು ಎದ್ದು ಪಕ್ಕದ ಕೋಣೆಗೆ ಹೋಗಿ ಮೇಲಧಿಕಾರಿಗಳ ಹತ್ತಿರ ಮಾತಾಡಿ ಬಂದಳು. ಹೋದದ್ದು ಬೆಳಗ್ಗೆ, ಬಂದದ್ದು ಮಧ್ಯಾಹ್ನ. ಒಳಗೆ ಏನು ನಡೆಯಿತೋ ಅವಳು ನನಗೂ ಹೇಳಿಲ್ಲ. ಎದುರು ಕುರ್ಚಿಯಲ್ಲಿ ಕೂತು ಮೇಲಧಿಕಾರಿಗಳ ಕೈಯನ್ನೇ ನೋಡುತ್ತಿದ್ದಿರಬೇಕು ಎಂದು ನನ್ನ ಅಂದಾಜು. ಆ ನೋಟಕ್ಕೆ ಅವರ ಪೆನ್ನು ತಾನಾಗಿಯೇ ಎದ್ದು ಸಹಿ ಮಾಡಿತಂತೆ ಎಂದು ಕಾವಲುಗಾರ ಹೇಳಿದ.

ಒಪ್ಪಂದ ಹೀಗಾಯಿತು: ಸಂಸಾರಗಳ ಕಟ್ಟಡಕ್ಕೆ ಛಾವಣಿ ಹಾಕುವ ಮೊದಲು ನಗರಸಭೆ ರಸ್ತೆಯನ್ನೂ ನೀರನ್ನೂ ಅಲ್ಲಿಗೆ ತಲುಪಿಸಬೇಕು. ಸಂಸಾರಗಳೆಲ್ಲ ಹೊಸ ಮನೆಗೆ ಕಾಲಿಟ್ಟ ಮೇಲೆಯೇ ಬಿಲ್ಡರ್ ಬೇರೆ ಯಾರಿಗಾದರೂ ಬೀಗದ ಕೈ ಕೊಡಬೇಕು. ಇವರು ನಾಳೆ ಎಂದರೆ ಅವರೂ ನಾಳೆ, ಅವರು ನಾಳೆ ಎಂದರೆ ಇವರೂ ನಾಳೆ. ದರ್ಜಿಗಳ ಪುಣ್ಯ, ಇಂಥ ಒಪ್ಪಂದವನ್ನು ಯಾವ ಗಿರಾಕಿಯೂ ನಮ್ಮ ಮುಂದಿಟ್ಟಿಲ್ಲ.

ಕಟ್ಟಡ ಎದ್ದಿತು. ತಡವಾಗಲಿಲ್ಲವೆಂದು ಹೇಳಿದರೆ ನಾನು ಹೇಳಿದ ಬೇರೆ ಸುಳ್ಳುಗಳಿಗೆ ಬೆಲೆ ಇರುವುದಿಲ್ಲ, ತಡವಾಯಿತು. ರಸ್ತೆಯ ಟಾರಿಗಾಗಿ ನಮ್ಮಾಕೆ ಅದೆಷ್ಟು ಕೋಣೆಗಳಲ್ಲಿ ಸ್ಟೂಲು ಎಳೆದುಕೊಂಡು ಕೂತಳೋ. ಅಷ್ಟು ದಿನವೂ ಸಾಲುಮನೆಯ ಒಂದು ಪಾತ್ರೆಯೂ ಕದಲಲಿಲ್ಲ. ಹಿಂದೆ ಒಲೆ ಉರಿಯುತ್ತಿತ್ತು, ಮುಂದೆ ಗೋಡೆ ಏಳುತ್ತಿತ್ತು.

ಮನೆ ಬದಲಿಸುವ ದಿನ ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ಬಯಲಿನುದ್ದಕ್ಕೂ ಜನ, ತಲೆಯ ಮೇಲೆ ಹಾಸಿಗೆ, ಕಂಕುಳಲ್ಲಿ ಕೊಡ, ಒಬ್ಬನ ಹೆಗಲಲ್ಲಿ ಇನ್ನೂ ತಿರುಗುತ್ತಿದ್ದ ಟೇಬಲ್ ಫ್ಯಾನು. ಅದು ತಿರುಗುತ್ತಿತ್ತು, ಗಾಳಿಗೆ, ಇದು ಸುಳ್ಳಲ್ಲ. ಮೆಕ್ಯಾನಿಕ್ಕನ ಕಬ್ಬಿಣದ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮೇಲೂ ಹೋಗದೆ ಕೆಳಗೂ ಬಾರದೆ ನಿಂತಿತು. ನೋಡಲು ಬಂದಿದ್ದ ಬಿಲ್ಡರ್ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಬೀರುವಿಗೆ ಭುಜ ಕೊಟ್ಟರು. ಕೋಟಿನ ಎಡಭುಜ ಇಳಿಬಿದ್ದಿತ್ತು, ಯಾರು ಹೊಲಿದಿದ್ದರೋ. ಬೀರುವನ್ನು ಮೇಲೆ ಸೇರಿಸಿ ಇಳಿದು ಬಂದವರ ಬೆನ್ನು ಹಿಡಿದುಕೊಂಡಿತ್ತು. "ಮುಂದಿನ ಕಟ್ಟಡಕ್ಕೆ ಮೆಟ್ಟಿಲು ಅಗಲ ಮಾಡಿಸ್ತೀನಿ," ಎಂದರು.

"ಇದಕ್ಕೆ?" ದೊಡ್ಡಕ್ಕ ಮೇಲಿಂದ ಕೇಳಿದಳು.

"ನಿಮ್ಮವರ ಬೀರು ಮೇಲೆ ಹೋಯ್ತಲ್ಲಮ್ಮ."

"ನಾಳೆ ಇಳಿಸ್ಬೇಕಾದ್ರೆ?"

"ನೀವು ಇಳಿಯೋರಲ್ಲ ಅಂತ ಗೊತ್ತಾಗಿದೆ," ಎಂದು ಬಿಲ್ಡರ್ ಕೋಟು ಇಸಿದುಕೊಂಡರು.

ನಮ್ಮಾಕೆಯನ್ನು ಹುಡುಕಿದರೆ ಅಲ್ಲಿರಲಿಲ್ಲ. ಹಿಂದೆ ಹೋಗಿ ನೋಡಿದೆ. ಸಾಲುಮನೆಗಳ ಬಾಗಿಲುಗಳೆಲ್ಲ ತೆರೆದಿದ್ದವು. ಅವಳು ಒಂದೊಂದು ಮನೆಯ ಒಳಗೂ ಹೋಗಿ, ಅಡುಗೆಮನೆಯಲ್ಲಿ ಇಣುಕಿ, ಹಿತ್ತಿಲ ಬಾಗಿಲು ನೂಕಿ ನೋಡಿ ಹೊರಗೆ ಬರುತ್ತಿದ್ದಳು. ಕೊನೆಯ ಮನೆಯಿಂದ ಬಂದವಳು, "ಯಾರೂ ಉಳಿದಿಲ್ಲ ರೀ," ಎಂದಳು. ಹೊಸ ಕಟ್ಟಡದ ಮುಂದೆ ಬಂದು, ಅಲ್ಲಿದ್ದ ಒಂದು ಗಂಟಿನ ಮೇಲೆ ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಇಷ್ಟು ವರ್ಷದಲ್ಲಿ ಅವಳು ಯಾರನ್ನೂ ಕಾಯದೆ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅಂದೇ.

"ಅದ್ರ ಮೇಲೆ ಕೂರ್ಬೇಡಿ ತಾಯಿ, ಗಾಜಿನ ಲೋಟ ಇದೆ," ದೊಡ್ಡಕ್ಕ ಬಾಲ್ಕನಿಯಿಂದ ಕೂಗಿದಳು. "ಅದೊಂದೇ ಉಳಿದಿರೋದು. ಬರೋವಾಗ ತಗೊಂಡು ಬನ್ನಿ."

ನಮ್ಮಾಕೆ ಎದ್ದು ಗಂಟಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿ ನಾನು ಹಿಡಿದೆ. ಲೋಟಗಳು ಒಳಗೆ ಕಿಣಿಕಿಣಿ ಎನ್ನುತ್ತಿದ್ದವು. ತಿರುವಿನಲ್ಲಿ ಸ್ವಲ್ಪ ನಿಂತು, ಉಸಿರು ತೆಗೆದುಕೊಂಡು, ಮೇಲೆ ಹೋದೆವು.